ಎರ್ಮಿನಿಯಾಳ ಸಾಲು

ನಿಕೊಲಾಸಾ ಕಾಫಿ ಗಿಡವನ್ನು ಕಣ್ಣಾರೆ ಕಂಡದ್ದೇ ಅಂದು ಬೆಳಿಗ್ಗೆ. ಆದರೂ ಮೇಸ್ತ್ರಿಯ ಮುಂದೆ ನಿಂತು, ಕಾಫಿ ಕುಯ್ಯುವುದರಲ್ಲಿ ತಾನು ಎತ್ತಿದ ಕೈ ಎಂದು ಧಾರಾಳವಾಗಿ ಬೂಸಿ ಬಿಟ್ಟಳು. ಬಿಡದೆ ಏನು ಮಾಡಿಯಾಳು? ನಿಕರಾಗುವಾದ ಕೊರಿಂತೋ ಬಂದರಿನಿಂದ ಎರಡು ದಿನ ಬಸ್ಸಿನಲ್ಲಿ ಕುಲುಕಾಡಿ, ಗಡಿ ದಾಟಿ, ಕೋಸ್ಟರಿಕಾದ ಈ ಬೆಟ್ಟ ಹತ್ತಿದ್ದಳು. ಮೂರು ತಿಂಗಳ ಕುಯ್ಲು ಸಿಕ್ಕಿದರೆ ತನ್ನದೇ ದೋಣಿಗೊಂದು ಮೋಟಾರು. ಇಲ್ಲವಾದರೆ ಮತ್ತೆ ಭಾವನ ದೋಣಿಯಲ್ಲಿ ಅವನ ಬೈಗುಳ ತಿನ್ನುತ್ತ ಸೀಗಡಿ ಆರಿಸಬೇಕು. ಅದು ಅವಳಿಗೆ ಸಾಕಾಗಿ ಹೋಗಿತ್ತು.

"ಉಳಿದಿರೋದು ಒಂದೇ ಜಾಗ ಕಣಮ್ಮ," ಎಂದ ಮೇಸ್ತ್ರಿ ದೋನ್ ಎವೆಲಿಯೋ. "ಖಾಲಿ ಸಾಲು ಹಿಡ್ಕೊಂಡು ಮಧ್ಯಾಹ್ನದ ಅಳತೆವರೆಗೂ ಕುಯ್ದು ತೋರಿಸು. ಹಸಿರು ಕಾಯಿ ಬೆರೆಸಿದ್ಯೋ, ಮೂರು ಗಂಟೆ ಬಸ್ಸಿಗೆ ವಾಪಸ್ಸು."

ಅವಳು ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡಳು. ಸುತ್ತಲಿದ್ದವರೆಲ್ಲ ಹೊಟ್ಟೆಯ ಮುಂದೆ ಕಟ್ಟಿಕೊಂಡಿದ್ದರು; ಅವರು ಕಿಸಕ್ಕೆಂದಾಗ ಮೆಲ್ಲಗೆ ಮುಂದಕ್ಕೆ ಎಳೆದುಕೊಂಡಳು. ಸ್ವಲ್ಪ ಮುಂದೆ ಹೋದರೆ, ಆಹಾ, ಕೆಂಪಗೆ ಹಣ್ಣಾಗಿ ಬಾಗಿದ ಸಾಲು, ಒಂದು ನರಪಿಳ್ಳೆಯೂ ಇಲ್ಲ! ಮೊದಲ ಗಿಡಕ್ಕೆ ಯಾರೋ ಶಾಲು ಕಟ್ಟಿದ್ದರು, ಅಷ್ಟೇ. ಕಡಲಿನ ಮೀನು ಹಿಡಿದವರದು. ಕಾಫಿಯೂ ಹಾಗೇ ಇರಬೇಕೆಂದು ಅವಳ ಲೆಕ್ಕ. ಸೀಗಡಿ ಆರಿಸಿದ ಬೆರಳುಗಳು ಕೆಂಪನ್ನು ಮಾತ್ರ ಹೆಕ್ಕತೊಡಗಿದವು. ಬುಟ್ಟಿ ಹೆಚ್ಚುಕಡಿಮೆ ತುಂಬಿತು.

"ಏನ್ ತಾಯಿ, ನಮ್ಮನೆ ಅಡುಗೆಮನೆಗೂ ಹೀಗೇ ನುಗ್ತೀಯಾ?"

ಬೆಟ್ಟದ ತಿರುವಿನಾಚೆಯ ತುದಿಯಿಂದ ಸಾಲು ಕುಯ್ಯುತ್ತ ಬಂದ ಎರ್ಮಿನಿಯಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹನ್ನೆರಡು ವರ್ಷದಿಂದ ಇಲ್ಲಿಗೆ ಕುಯ್ಲಿಗೆ ಬರುತ್ತಿದ್ದ ಹಳೇ ಹುಲಿ.

"ಖಾಲಿ ಇದೆ ಅಂದ್ಕೊಂಡೆ ಅಕ್ಕಾ."

"ಶಾಲು ಕಟ್ಟಿದ್ರೆ ಸಾಲು ಅವರದು. ಅದರಲ್ಲಿ ಯಾರು ಕುಯ್ದ್ರೂ ಹಣ್ಣು ಅವರದೇ. ಸುರಿ ಇಲ್ಲಿ."

ಸುರಿದಳು. ಅಳತೆಗೆ ಇನ್ನು ಅರ್ಧ ಗಂಟೆ ಇತ್ತು; ಅಷ್ಟರಲ್ಲಿ ಬೇರೆ ಸಾಲಿನಲ್ಲಿ ಕುಯ್ದದ್ದು ಬುಟ್ಟಿಯ ತಳ ಮುಚ್ಚುವಷ್ಟೇ ಆಯಿತು.

"ಇದೇನಮ್ಮ, ಇಷ್ಟರಲ್ಲಿ ಒಂದು ಲೋಟ ಕಾಫೀನೂ ಆಗಲ್ಲ," ಎಂದು ಎವೆಲಿಯೋ ಅವಳ ಬುಟ್ಟಿ ನೋಡಿ ನಕ್ಕ. ನಿಕೊಲಾಸಾ ಯಾರ ಮೇಲೂ ದೂರು ಹೇಳಲಿಲ್ಲ, ತಪ್ಪು ತನ್ನದೇ. ಮೂರು ಗಂಟೆ ಬಸ್ಸಿಗೆಂದು ತನ್ನ ಬಟ್ಟೆಯ ಚೀಲ ಎತ್ತಿಕೊಂಡಳು.

ಅಷ್ಟರಲ್ಲಿ ಎರ್ಮಿನಿಯಾಳ ಹಣ್ಣು ಅಳತೆಯ ಪೆಟ್ಟಿಗೆಗೆ ಬಿತ್ತು. ಎವೆಲಿಯೋ ಕೈಹಾಕಿ ಕೆದಕಿದ. ಅರ್ಧ ರಾಶಿ ಹುಡುಕಿದರೂ ಒಂದೂ ಹಸಿರು ಕಾಯಿ ಸಿಗಲಿಲ್ಲ. "ಇಷ್ಟು ಚೊಕ್ಕವಾಗಿ ನೀನು ಯಾವತ್ತು ಕುಯ್ದಿದ್ದೀಯೇ?"

ಎರ್ಮಿನಿಯಾ ತಲೆವಸ್ತ್ರ ಬಿಚ್ಚಿದಳು, ಮತ್ತೆ ಕಟ್ಟಿದಳು. "ನಾನಲ್ಲ. ಅವಳು," ಎಂದಳು.

ಎವೆಲಿಯೋ ನಿಕೊಲಾಸಾಳತ್ತ ತಿರುಗಿದ. "ಎಲ್ಲಮ್ಮ ಕಲಿತೆ?"

"ಎಲ್ಲೂ ಇಲ್ಲ ಯಜಮಾನ್ರೇ. ಸುಳ್ಳು ಹೇಳಿದ್ದು. ನಾನು ಸೀಗಡಿ ಆರಿಸೋಳು."

"ಬುಟ್ಟಿ ಬೆನ್ನಿಗೆ ಕಟ್ಟಿದಾಗ್ಲೇ ಗೊತ್ತಾಯ್ತು ಬಿಡು. ಚೀಲ ಕೆಳಗಿಡು. ಜಾಗ ನಿಂದೇ."

ನಿಕೊಲಾಸಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಎರ್ಮಿನಿಯಾಳ ಕೈ ಹಿಡಿದು ನಾಲ್ಕು ಒಳ್ಳೆಯ ಮಾತು ಹೇಳೋಣವೆಂದು ಓಡಿದಳು. ಆಕೆ ಮರದ ಕೆಳಗೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು.

"ಹ್ಞೂಂ ಕಣೇ ತಂಗಿ, ಆ ಜಾಗ ನಿನಗೇ ಅಂತ ಕಾಯ್ತಿದ್ದೆ. ಕೊನೇ ಜಾಗಾನೂ ತುಂಬಿಹೋಯ್ತು. ಬಸ್ಸು ಹತ್ತಿಬಿಟ್ಟಿದ್ಯಾ? ಗಡೀಲೇ ಇಳ್ಕೊಂಡು ವಾಪಸ್ ಹೋಗು."

ಫೋನು ಇಟ್ಟ ಮೇಲೆ ಎದುರಿಗೆ ನಿಂತಿದ್ದವಳನ್ನು ಕಂಡಳು. ಬಟ್ಟೆಯ ಗಂಟು ಬಿಚ್ಚಿ, ಕಾಳಿನ ಪಲ್ಯ ಸುತ್ತಿದ ರೊಟ್ಟಿಯಲ್ಲಿ ಒಂದನ್ನು ಮುಂದಕ್ಕೆ ಚಾಚಿದಳು.

"ತಿನ್ನು. ಮಧ್ಯಾಹ್ನ ಇನ್ನೂ ಕೆಲಸ ಇದೆ."

ನಿಕೊಲಾಸಾ ರೊಟ್ಟಿ ಇಸಿದುಕೊಂಡು ಅವಳ ಪಕ್ಕದಲ್ಲೇ ಕೂತಳು. ಹಸಿವು ಹೊಟ್ಟೆ ಸುಡುತ್ತಿತ್ತು, ಆದರೂ ರೊಟ್ಟಿಯನ್ನು ಎರಡಾಗಿ ಮುರಿದು ದೊಡ್ಡ ತುಂಡನ್ನು ಎರ್ಮಿನಿಯಾಳ ಬಟ್ಟೆಯ ಮೇಲೆ ವಾಪಸ್ಸಿಟ್ಟಳು.