ಆಸೋ ತಪ್ಪಲಿನ ಕೋಣೆ

"ಇವತ್ತು ನೀವು ಹೇಳ್ತೀರೋ, ಇಲ್ಲ ನಾನೇ ಹೇಳ್ಲೋ?" ಅಡುಗೆಮನೆಯಲ್ಲಿ ವೇದವಲ್ಲಿ ಗಂಡನ ತೋಳು ಹಿಡಿದು ಪಿಸುಗುಟ್ಟಿದಳು.

"ಆಸೋ ಬೆಟ್ಟಕ್ಕೆ ಹೋದಾಗ ನಿಧಿಗೆ ಹೇಳೋಣ ಕಣೇ. ಅಲ್ಲಿ ಖುಷಿಯಾಗಿರ್ತಾಳೆ."

"ಖುಷಿಯಾಗಿರೋ ಮಗೂಗೆ ಅಲ್ಲೇ ಬರೆ ಎಳೀತೀರಾ? ಚೆನ್ನಾಗಿದೆ ರೀ!"

ಹರಿಪ್ರಸಾದನದು ಯಾವಾಗಲೂ ಇದೇ ಕತೆ, ಕಷ್ಟದ ಮಾತನ್ನು ನಾಳೆಗೆ ತಳ್ಳುವುದು. ಸೆಪ್ಟೆಂಬರಿನಲ್ಲಿ ಕಂಪನಿ ಅವನನ್ನು ಬೆಂಗಳೂರಿಗೆ ವಾಪಸು ಕರೆಸಿಕೊಳ್ಳುತ್ತಿತ್ತು. ಟೋಕಿಯೋದ ಮನೆ ಖಾಲಿ ಮಾಡಬೇಕು. ಕೂಸಾಗಿದ್ದಾಗ ಬಂದು ಇಲ್ಲೇ ಹನ್ನೆರಡು ತುಂಬಿಸಿಕೊಂಡ ಮಗಳಿಗೆ ಮಾತ್ರ ಸುದ್ದಿಯಿಲ್ಲ. ಬದಲಿಗೆ, ಆಗಸ್ಟಿನ ಬೇಸಿಗೆ ರಜೆಯಲ್ಲಿ ಪಶ್ಚಿಮ ಜಪಾನಿನ ರಾಷ್ಟ್ರೀಯ ಉದ್ಯಾನಗಳಿಗೆಲ್ಲ ಕಾರಿನಲ್ಲೇ ಹೋಗೋಣವೆಂದು ಆಸೆ ಹುಟ್ಟಿಸಿ ಕೂತಿದ್ದ, ಪುಣ್ಯಾತ್ಮ.

ಹಾಲ್‌ನಲ್ಲಿ ನಿಧಿ ನಕಾಶೆಯ ಮೇಲೆ ಬೋರಲು ಮಲಗಿದ್ದಳು. ದೈಸೆನ್, ಒಳಸಮುದ್ರದ ದ್ವೀಪಗಳು, ಆಸೋ, ಕೊನೆಗೆ ಕಿರಿಶಿಮಾ, ಹೀಗೆ ಒಂದೊಂದು ಉದ್ಯಾನಕ್ಕೂ ಗುರುತು ಹಾಕಿದ್ದಳು.

"ಅಪ್ಪಾ, ನಮ್ಮ ಕಾರ್ ನಂಬರ್ ಪ್ಲೇಟಲ್ಲಿ ಶಿನಾಗಾವಾ ಅಂತಿದೆ ಅಲ್ವಾ, ನೋಡಿದ್ರೇ ಟೋಕಿಯೋದ್ದು ಅಂತ ಗೊತ್ತಾಗತ್ತೆ. ಟೋಕಿಯೋದವರು ಕೊರೋನಾ ತರ್ತಾರೆ ಅಂತ ಅಲ್ಲೆಲ್ಲ ಬೈತಾರಂತೆ. ವಾಟ್ ಡು ವಿ ಡು?"

ಅಷ್ಟರಲ್ಲಿ ಫೋನು ಬಂತು. ಆಸೋ ತಪ್ಪಲಿನಲ್ಲಿ ಇವರು ಕೋಣೆ ಕಾದಿರಿಸಿದ್ದ ವಸತಿಗೃಹದ ಒಡತಿ. ಅಪ್ಪನ ಜಪಾನಿ ಭಾಷೆ ಆಫೀಸಿನ ಬಾಗಿಲು ದಾಟುವಂಥದ್ದಲ್ಲ, ಹಾಗಾಗಿ ಇಂಥ ಮಾತುಕತೆಯೆಲ್ಲ ನಿಧಿಯದೇ. ಕೇಳುತ್ತ ಕೇಳುತ್ತ ಅವಳ ಮುಖ ಬಾಡಿತು, ಆಮೇಲೆ ಅರಳಿತು.

"ಎಮರ್ಜೆನ್ಸಿ ಅಲ್ವಾ, ಈ ವರ್ಷ ಟೋಕಿಯೋದವರನ್ನ ತಗೊಳ್ಳಲ್ವಂತೆ. ಬಟ್ ಇಟ್ಸ್ ಓಕೆ! ನೆಕ್ಸ್ಟ್ ಆಗಸ್ಟ್‌ಗೆ ಬುಕ್ ಮಾಡ್ದೆ. ಬೆಟ್ಟ ಕಾಣೋ ರೂಮು, ನಮಗೇ ಅಂತ ಇಟ್ಟಿರ್ತಾರಂತೆ!"

ವೇದವಲ್ಲಿ ಗಂಡನ ಮುಖ ನೋಡಿದಳು. ಅವನು ನಕಾಶೆ ನೋಡಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಪುಟ್ಟಾ, ಮುಂದಿನ ವರ್ಷ ನಾವು ಇಲ್ಲಿರಲ್ಲ. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಹೋಗ್ತಿದೀವಿ."

"ಎಷ್ಟು ದಿನಕ್ಕೆ?"

"ಇನ್ಮೇಲೆ ಅಲ್ಲೇ ಕಣೇ."

ನಿಧಿ ಅಪ್ಪನ ಕಡೆ ತಿರುಗಿದಳು. "ಯು ನ್ಯೂ?"

ಅವನು ಕತ್ತು ತುರಿಸಿಕೊಂಡ. ನಿಧಿ ಫೋನು ಎತ್ತಿಕೊಂಡು ಆ ವಸತಿಗೃಹದ ನಂಬರು ಒತ್ತಿದಳು.

"ಈಗ್ಲೇ ಯಾಕಮ್ಮ? ಆಮೇಲೆ ಕ್ಯಾನ್ಸಲ್ ಮಾಡಿದ್ರಾಯ್ತು ಬಿಡು," ಎಂದ ಹರಿಪ್ರಸಾದ.

"ರೂಮ್ ಇಟ್ಕೊಂಡು ಕಾಯ್ತಿರ್ತಾರೆ ಅಪ್ಪಾ. ಅವರಿಗೆ ತೊಂದ್ರೆ ಆಗತ್ತೆ."

ಅತ್ತ ಕಡೆ ಫೋನು ಎತ್ತಿದರು. ನಿಧಿ ನೆಟ್ಟಗೆ ನಿಂತಳು. ಅವಳ ಶಾಲೆಯಲ್ಲಿ ಕಲಿಸಿದ ಹಾಗೆ, ಕಾಣದ ಆ ಒಡತಿಗೆ ಸೊಂಟದಿಂದ ಬಗ್ಗಿ, "ಸುಮಿಮಾಸೆನ್," ಎಂದು ಕ್ಷಮೆ ಕೇಳಿದಳು. ಇನ್ನೇನೋ ಹೇಳಿದಳು. ಮತ್ತೆ ಬಗ್ಗಿದಳು. "ಸುಮಿಮಾಸೆನ್."

ಆ ಕಡೆಯವರು ಫೋನು ಇಟ್ಟರು. ವೇದವಲ್ಲಿ ಹತ್ತಿರ ಹೋಗಿ ಮಗಳ ಬೆನ್ನ ಮೇಲೆ ಕೈಯಿಟ್ಟಳು. ನಿಧಿ ಬಗ್ಗಿಯೇ ಇದ್ದಳು.