ಇನ್ನೂರ ಹದಿನಾಲ್ಕು ನಿಷಿದ್ಧ ತಾಣಗಳು

ನಮೂನೆಗಳಲ್ಲಿ ಖಾಲಿ ಕಲಂ ಕಂಡರೆ ಮುರಳೀಧರರಿಗೆ ಎದೆ ಡವಗುಟ್ಟುತ್ತಿತ್ತು. ದೆಹಲಿಯ ಒಂದು ಸಚಿವಾಲಯದಲ್ಲಿ ಇಪ್ಪತ್ತೆರಡು ವರ್ಷ ಅಸಿಸ್ಟೆಂಟ್ ಆಗಿ ಸವೆದಿದ್ದ ಅವರು, ನೌಕರಿಗೆ ಕುತ್ತು ಬರುವುದಾದರೆ ಅದು ಯಾವುದೋ ತುಂಬದೆ ಬಿಟ್ಟ ಕಲಮಿನಿಂದಲೇ ಎಂದು ನಂಬಿದ್ದರು.

ಎರಡು ಸಾವಿರದ ಎಂಟರಲ್ಲಿ ಅವರ ಕಚೇರಿಯ ಮೇಜುಮೇಜಿಗೂ ಇಂಟರ್‌ನೆಟ್ ಬಂತು. ಅದರ ಬೆನ್ನಿಗೇ ಜೂಜೂ ಬಂತು. ಚಳಿಗಾಲದ ಮಧ್ಯಾಹ್ನಗಳಲ್ಲಿ ಹುಲ್ಲಿನ ಮೇಲೆ ಟವೆಲ್ ಹಾಸಿ, ಬಿಸಿಲಿಗೆ ಬೆನ್ನು ಕೊಟ್ಟು ಇಸ್ಪೀಟು ಆಡುತ್ತಿದ್ದ ಗುಮಾಸ್ತರು ಒಬ್ಬೊಬ್ಬರಾಗಿ ಒಳಗೆ ಸರಿದರು. ಹುಲ್ಲು ಮತ್ತೆ ಹಸಿರಾಯಿತು. ಒಳಗೆ ಯಾರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲವಾದ್ದರಿಂದ ಹಾಜರಾತಿ ಸುಧಾರಿಸಿದೆಯೆಂದು ಮೇಲಿನವರು ಮೊದಮೊದಲು ಸಂತೋಷಪಟ್ಟರು.

ನಿಜ ಸಂಗತಿ ಗೊತ್ತಾದ ಮೇಲೆ ಅಂಡರ್ ಸೆಕ್ರೆಟರಿ ಭಟ್ನಾಗರ್ ಸಾಹೇಬರು ಮುರಳೀಧರರನ್ನು ಕರೆದರು. "ಮುರಳೀಜಿ, ಜೂಜಿನ ಸೈಟುಗಳದ್ದೊಂದು ಪಟ್ಟಿ ಮಾಡಿಕೊಡಿ. ಎಲ್ಲವನ್ನೂ ಬಂದ್ ಮಾಡಿಸೋಣ."

ಬೇರೆ ಯಾರಾದರೂ ಆಗಿದ್ದರೆ ಐದು ಹೆಸರು ಗೀಚಿ ಚಹಾಕ್ಕೆ ಹೋಗುತ್ತಿದ್ದರು. ಮುರಳೀಧರರಿಗೆ ನಿದ್ದೆ ಬರಲಿಲ್ಲ. ಒಂದು ಬಿಟ್ಟುಹೋಗಿ, ಯಾರೋ ಅದರಲ್ಲೇ ಆಡಿ ಹಾಳಾದರೆ? ಮೂರು ವಾರ ಹುಡುಕಿ ಇನ್ನೂರ ಹದಿನಾಲ್ಕು ತಾಣಗಳನ್ನು ಅಕಾರಾದಿಯಾಗಿ ಜೋಡಿಸಿದರು. ನಮೂನೆಯ ಕೊನೆಯಲ್ಲಿ 'ರಿಮಾರ್ಕ್ಸ್' ಎಂಬ ಕಲಂ ಇತ್ತು. ಜನ ಓದದೆಯೇ ಒಪ್ಪಿಕೊಳ್ಳುವ ನಿಯಮ-ನಿಬಂಧನೆಗಳನ್ನು ಅವರು ಕನ್ನಡಕ ಒರೆಸಿಕೊಂಡು ಪೂರ್ತಿ ಓದಿ ಅದನ್ನು ತುಂಬಿದರು. 'ಸೇರುವಾಗ ಐವತ್ತು ರೂಪಾಯಿ ಉಚಿತ.' 'ಗೆದ್ದ ಹಣ ಎರಡೇ ದಿನದಲ್ಲಿ ಕೈಸೇರುತ್ತದೆ.' 'ವಂಚನೆಯ ದೂರುಗಳಿವೆ, ನಂಬತಕ್ಕದ್ದಲ್ಲ.' ಸ್ವತಃ ಒಂದು ಎಲೆಯನ್ನೂ ಆಡಲಿಲ್ಲ.

ಸೈಟುಗಳನ್ನು ಬಂದ್ ಮಾಡುವ ಸಾಫ್ಟ್‌ವೇರಿಗೆ ಟೆಂಡರ್ ಕರೆಯಬೇಕಿತ್ತು. ಅದಕ್ಕೆ ಎಂಟು ತಿಂಗಳು. ಸುತ್ತೋಲೆಗೆ ಟೆಂಡರ್ ಬೇಕಿರಲಿಲ್ಲ. 'ಈ ಕೆಳಕಂಡ ತಾಣಗಳಿಗೆ ಯಾರೂ ಹೋಗಕೂಡದು' ಎಂಬ ಒಕ್ಕಣೆಯೊಂದಿಗೆ, ಮುರಳೀಧರರ ಸಹಿಯೊಂದಿಗೆ, ಇಡೀ ಪಟ್ಟಿ ಮರುದಿನವೇ ಎಲ್ಲ ಸೆಕ್ಷನ್ನುಗಳಿಗೂ ಹೋಯಿತು.

ಹತ್ತು ದಿನ ಕಳೆದಿರಬಹುದು. ಕ್ಯಾಂಟೀನಿನಲ್ಲಿ ಸುದರ್ಶನ್ ಎದುರಿಗೆ ಬಂದು ಕೂತ. ಪಕ್ಕದ ಸೆಕ್ಷನ್ನಿನ ಕ್ಲರ್ಕು, ಮೈಸೂರಿನ ಕಡೆಯವನು.

"ಸಾರ್, ಎಂಬತ್ತೇಳನೇ ನಂಬರು ಭಾಳ ಚೆನ್ನಾಗಿದೆ. ನೀವು ಬರೆದ ಹಾಗೇ, ಎರಡೇ ದಿನಕ್ಕೆ ದುಡ್ಡು ಬಂತು."

ಮುರಳೀಧರರ ಕೈಯ ಸಮೋಸ ತಟ್ಟೆಗೆ ಬಿತ್ತು. "ಅದು ನಿಷೇಧದ ಪಟ್ಟಿ ಕಣಯ್ಯ."

"ಹೌದು ಸಾರ್, ಆದ್ರೆ ಎಷ್ಟು ನೀಟಾಗಿ ಮಾಡಿದ್ದೀರ. ಮೊದಲು ನಮಗೆ ಮೂರೇ ಗೊತ್ತಿದ್ದದ್ದು, ಅದರಲ್ಲಿ ಎರಡು ಮೋಸ. ಈಗ ಬೇರೆ ಮಿನಿಸ್ಟ್ರಿಯವರೂ ನಮ್ಮದನ್ನೇ ಕೇಳ್ತಿದ್ದಾರೆ. ನಿಮ್ಮ ಹೆಸರು ಹೇಳಿದರೆ ಸಾಕು, ಅಚ್ಛಾ, ಆ ಮುರಳೀಧರ್ ಸಾಹೇಬರಾ ಅಂತಾರೆ."

ಆ ರಾತ್ರಿ ಹೆಂಡತಿ ವೈಜಯಂತಿ ಕೇಳಿದರು, "ಯಾಕೆ ಊಟ ಸೇರ್ತಿಲ್ಲ? ಪಕ್ಕದ ಕ್ವಾರ್ಟರ್ಸಿನವರು ನಿಮ್ಮನ್ನ ಎಷ್ಟು ಹೊಗಳಿದರು ಗೊತ್ತಾ."

"ಏನಂತ ಹೊಗಳಿದರು?"

"ಅದೇನೋ ಎಂಬತ್ತೇಳು ಅಂದರು. ನಂಗೆ ತಿಳೀಲಿಲ್ಲ."

ಅವರು ತಟ್ಟೆ ಸರಿಸಿ ಎದ್ದರು. ಯಾರಿಗೂ ಒಂದು ಕಪ್ ಚಹಾದಷ್ಟು ಋಣ ಉಳಿಸಿಕೊಳ್ಳದೆ ಸಂಪಾದಿಸಿದ್ದ ಒಳ್ಳೆಯ ಹೆಸರು ಈಗ ದೆಹಲಿಯ ಜೂಜುಕೋರರ ಬಾಯಲ್ಲಿತ್ತು. ಹೇಗಾದರೂ ಆ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಬೆಳಗಾಗುತ್ತಲೇ ತಪ್ಪೆಲ್ಲ ತನ್ನದೆಂದು ಎರಡು ಪುಟ ಟಿಪ್ಪಣಿ ಬರೆದು ಸಾಹೇಬರ ಮುಂದಿಟ್ಟರು.

ಭಟ್ನಾಗರ್ ನಿಧಾನವಾಗಿ ಓದಿದರು. "ನಿಮ್ಮ ಟಿಪ್ಪಣಿ ಚೆನ್ನಾಗಿರುತ್ತೆ ಮುರಳೀಜಿ. ಸುತ್ತೋಲೆ ವಾಪಸ್ ಪಡೀಬೇಕು, ಅಷ್ಟೇ ತಾನೆ? ಚಲೋ, ಪಡೆಯೋಣ. ಹಳೇದರ ಪ್ರತಿ ಲಗತ್ತಿಸಿ."

"ಪಟ್ಟಿ ಸಮೇತವಾ, ಸಾರ್?"

"ಮತ್ತೆ? ಏನನ್ನು ವಾಪಸ್ ಪಡೆದೆವು ಅಂತ ಸೆಕ್ಷನ್ನುಗಳಿಗೆ ತಿಳಿಯೋದು ಹೇಗೆ? ಹೊರಗಿಂದ ಬೇರೆ ಕೇಳ್ತಿದ್ದಾರಲ್ಲ, ಅವರಿಗೂ ಒಂದೊಂದು ಕಳಿಸಿಬಿಡಿ."

ಮುರಳೀಧರರು ಜೀವಮಾನದಲ್ಲಿ ಮೊದಲ ಸಲ ನಿಯಮ ಮುರಿದರು. ಪಟ್ಟಿಯನ್ನು ಲಗತ್ತಿಸಿದರು, ಆದರೆ ರಿಮಾರ್ಕ್ಸ್ ಕಲಮಿನಲ್ಲಿದ್ದುದನ್ನೆಲ್ಲ ಅಳಿಸಿದರು. ಬೆಳ್ಳಗೆ ಬಿಟ್ಟ ಆ ಕಲಮನ್ನು ಎರಡು ಸಲ ತುಂಬಹೋಗಿ ಪೆನ್ನು ಹಿಂದಕ್ಕೆಳೆದುಕೊಂಡರು. ಕೊನೆಗೆ ಕಣ್ಣುಮುಚ್ಚಿ ಸಹಿ ಹಾಕಿದರು.

ಮೂರನೆಯ ದಿನ ಸುದರ್ಶನ್ ಬಾಡಿದ ಮುಖ ಹೊತ್ತು ಬಂದ. "ಏನು ಸಾರ್, ಹೊಸದರಲ್ಲಿ ರಿಮಾರ್ಕ್ಸೇ ಇಲ್ವಲ್ಲ. ಜನ ಬೇಜಾರು ಮಾಡ್ಕೊಂಡಿದ್ದಾರೆ. ಹಿಂಬಾಗಿಲ ಝೆರಾಕ್ಸ್ ಭಯ್ಯಾ ಹಳೇದನ್ನ ಹತ್ತು ರೂಪಾಯಿಗೆ ಕೊಡ್ತಿದ್ದ, ಈಗ ಇಪ್ಪತ್ತೈದು ಮಾಡಿದ್ದಾನೆ."

ಮುರಳೀಧರರು ಸ್ವೆಟರ್ ಸರಿಮಾಡಿಕೊಂಡು ಹಿಂಬಾಗಿಲಿಗೆ ನಡೆದರು. ಝೆರಾಕ್ಸ್ ಅಂಗಡಿಯೆಂದರೆ ಬೇವಿನ ಮರದ ಕೆಳಗೆ ಒಂದು ಮೆಷಿನ್ನು, ಒಂದು ಸ್ಟೂಲು. ಪಟ್ಟಿಗಳ ಕಟ್ಟು ಪಕ್ಕದಲ್ಲೇ ಇತ್ತು, ಗಾಳಿಗೆ ಹಾರದಂತೆ ಮೇಲೊಂದು ಇಟ್ಟಿಗೆ.

"ಎಷ್ಟಿದೆ ಭಯ್ಯಾ?" ಹಿಂದಿಯಲ್ಲಿ ಕೇಳಿದರು.

"ಮೂವತ್ತೊಂದು."

"ಎಲ್ಲ ಕೊಡು."

ಅಂಗಡಿಯವನು ಅವರನ್ನು ಮೇಲಿಂದ ಕೆಳಗೆ ನೋಡಿದ. ಇಷ್ಟು ದೊಡ್ಡ ಗಿರಾಕಿ ಅವನಿಗೆ ಈವರೆಗೆ ಸಿಕ್ಕಿರಲಿಲ್ಲ. ಕಟ್ಟಿಗೆ ದಾರ ಬಿಗಿಯುತ್ತಾ, "ಮಾರೋದಕ್ಕಾ ಬಾಬೂಜಿ? ಒಳ್ಳೆ ಮಾಲು. ಬರೆದವನು ಉಸ್ತಾದ್, ಇನ್ನೂರ ಹದಿನಾಲ್ಕರಲ್ಲೂ ಆಡಿದ್ದಾನೆ," ಎಂದ.

"ಅವನು ಒಂದರಲ್ಲೂ ಆಡಿಲ್ಲ," ಎಂದರು ಮುರಳೀಧರರು. ದನಿ ತಾವೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು.

"ಆಡದೆ ಇಷ್ಟೆಲ್ಲ ಬರೆಯೋಕಾಗುತ್ತಾ ಬಾಬೂಜಿ? ಬಿಡಿ."

ಕಟ್ಟನ್ನು ಎದೆಗವಚಿಕೊಂಡು ಅವರು ಗೇಟಿನವರೆಗೂ ಬಂದಿರಲಿಲ್ಲ, ಬೆನ್ನ ಹಿಂದೆ ಮೆಷಿನ್ನು ಗುರ್ರೆಂದು ಶುರುವಾಯಿತು. ತಿರುಗಿ ನೋಡಿದರು.

"ಚಿಂತೆ ಬೇಡ ಬಾಬೂಜಿ," ಅಂಗಡಿಯವನು ಅಲ್ಲಿಂದಲೇ ಕೂಗಿ ಹೇಳಿದ. "ಸಂಜೆಗೆ ಬನ್ನಿ, ಇನ್ನೂರು ತೆಗೆದಿಟ್ಟಿರ್ತೀನಿ."