ಕೆಂಪವ್ವನ ಬೆನ್ನು

ಕುಪ್ಪಸ ಬರೆಯಬೇಕಂತೆ, ಕುಪ್ಪಸ. ಆರು ತಿಂಗಳು ಭಾನುವಾರ ಭಾನುವಾರ ಕೂತು ಇದ್ದಿಲಿನಲ್ಲಿ ಬರೆದ ಆರು ಚಿತ್ರಗಳಿಗೆ ಎರಡೇ ದಿನದಲ್ಲಿ ಒಂದೊಂದು ಕುಪ್ಪಸ ತೊಡಿಸಿಬಿಟ್ಟರೆ ಸುಖದಾಳ ಡಿಗ್ರಿಗೆ ಯಾವ ಅಡ್ಡಿಯೂ ಇಲ್ಲವಂತೆ. ಇಲ್ಲವೆಂದರೆ ಸೋಮವಾರ ಹೊರಗಿನ ಪರೀಕ್ಷಕರು ಬಂದಾಗ ಅವಳ ಗೋಡೆ ಖಾಲಿ. ಖಾಲಿ ಗೋಡೆಗೆ ಅಂಕ ಸೊನ್ನೆ, ಕೊನೆಯ ವರ್ಷ ನೀರಿನಲ್ಲಿ ಹೋಮ.

ಸುಖದಾ ಮಹಾರಾಷ್ಟ್ರದ ಗಡಿಯ ಮ್ಹೈಸಾಳದ ಹುಡುಗಿ. ಮಿರಜಿನಲ್ಲಿ ಬಸ್ಸು ಬದಲಿಸಿ ದಿನಾ ಸಾಂಗಲಿಯ ಕಾಲೇಜಿಗೆ ಹೋಗುತ್ತಿದ್ದಳು. ಅವಳದು ಲಿಬರಲ್ ಆರ್ಟ್ಸ್ ಬಿ.ಎ. ಒಂದಿಷ್ಟು ಅರ್ಥಶಾಸ್ತ್ರ, ಒಂದಿಷ್ಟು ಮನಃಶಾಸ್ತ್ರ, ಮುಖ್ಯ ವಿಷಯ ಮಾತ್ರ ಚಿತ್ರಕಲೆ. "ಬಿ.ಎ. ದಾಗ ಚಿತ್ರಾ ತಗಿಲಿಕ್ಕೆ ಕಲಸ್ತಾರೇನ?" ಎಂದು ಊರಿನವರು ಕೇಳಿ ಕೇಳಿ ಸಾಕಾಗಿ, ಕೊನೆಗೆ ಮದುವೆಮನೆಗಳಿಗೆ ರಂಗೋಲಿ ಹಾಕಲು ಕರೆಯತೊಡಗಿದ್ದರು. ಅವಳು ಅದನ್ನೂ ಸಹಿಸಿಕೊಂಡಿದ್ದಳು.

ಚಿತ್ರಗಳಲ್ಲಿ ಇದ್ದದ್ದು ಅವಳ ಅಜ್ಜಿ ಕೆಂಪವ್ವನ ಬೆನ್ನು. ಕೆಂಪವ್ವನಿಗೆ ಎಂಬತ್ತೊಂದು. ಅವಳ ತವರಿನ ಕಡೆಯ ಹೆಂಗಸರು ಕುಪ್ಪಸ ತೊಟ್ಟವರಲ್ಲ. ಸೆರಗನ್ನು ಎದೆಗೆ ಬಿಗಿದು ಸೊಂಟಕ್ಕೆ ಸಿಕ್ಕಿಸಿದರೆ ಮುಗಿಯಿತು. ಹಾಗೆಯೇ ಕಬ್ಬು ಕಡಿದಳು, ಕೃಷ್ಣೆಯಿಂದ ಕೊಡ ಹೊತ್ತಳು, ಹಾಗೆಯೇ ಸಂತೆಗೆ ಹೋದಳು, ಮಗನ ಮದುವೆಯಲ್ಲಿ ಅಕ್ಕಿಕಾಳು ಹಾಕಿದಳು. ಯಾರೂ ತಿರುಗಿ ನೋಡಿರಲಿಲ್ಲ. ಆ ಬೆನ್ನಿನ ಮೇಲೆ ಹೊರೆಯ ಹಗ್ಗ ಉಜ್ಜಿದ ಕಲೆಯಿತ್ತು, ಒಂದು ಹೆಗಲು ಇನ್ನೊಂದಕ್ಕಿಂತ ಎರಡು ಬೆರಳು ಕೆಳಗಿತ್ತು. ಸುಖದಾ ಅದನ್ನು ಗೆರೆ ತಪ್ಪದಂತೆ ಬರೆದಿದ್ದಳು.

"ಮಾರಿ ಬಿಟ್ಟು ಬೆನ್ನ ಯಾಕ ತಗಿತೀಯ?" ಎಂದು ಕೆಂಪವ್ವ ಮೊದಲ ದಿನವೇ ಕೇಳಿದ್ದಳು.

"ಮಾರಿ ನನ್ನ ಕಡೆ ಇದ್ರ ಬೈಕೋತ ಕುಂದರ್ತಿ ಅಜ್ಜಿ."

"ಬೆನ್ನ ಮಾಡಿ ಕುಂತ್ರೂ ಬೈಯಾಕ ಬರ್ತೈತಿ ನನಗ," ಎಂದು ಕೆಂಪವ್ವ ಆರು ತಿಂಗಳೂ ಬೈಯುತ್ತಲೇ ಕೂತಿದ್ದಳು. ಸುಖದಾ ನಗುತ್ತಲೇ ಬರೆದಿದ್ದಳು.

ಗುರುವಾರ ಪ್ರದರ್ಶನದ ಉದ್ಘಾಟನೆ. ಕಾಲೇಜಿನ ಟ್ರಸ್ಟಿಯೊಬ್ಬರ ಹೆಂಡತಿ ಎಲ್ಲರ ಚಿತ್ರ ನೋಡುತ್ತ ಬಂದವರು ಸುಖದಾಳ ಗೋಡೆಯೆದುರು ನಿಂತು "ಅಗಬಾಯಿ" ಎಂದು ಮರಾಠಿಯಲ್ಲಿ ಹೌಹಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಷ್ಟೇ ಸಾಕಾಯಿತು. ಸಂಜೆಯೊಳಗೆ ಆರೂ ಹಾಳೆ ಗೋಡೆಯಿಂದ ಇಳಿದವು. ಸುಖದಾಳನ್ನು ಒಂದು ಮಾತು ಕೇಳಿದವರಿಲ್ಲ.

ಶುಕ್ರವಾರ ಬೆಳಿಗ್ಗೆ ವಿಭಾಗದ ಮುಖ್ಯಸ್ಥರಾದ ಶಂತನು ಸರ್ ಅವಳನ್ನು ಕರೆಸಿದರು. ಸರ್‌ದು ಮಿರಜಿನ ಕನ್ನಡ ಮನೆ. ಆದರೆ ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ, ಹರಟೆ ಮರಾಠಿಯಲ್ಲಿ. ಕನ್ನಡ ಹೊರಬೀಳುವುದು ಏನಾದರೂ ಕೆಲಸವಾಗಬೇಕಿದ್ದಾಗ ಮಾತ್ರ. ಅವತ್ತು ಕನ್ನಡವೇ ಬಂತು.

"ಬೆನ್ನ ಮ್ಯಾಲ ಒಂದ ಕುಬಸ ತಗದ ಬಿಡು ಸುಖದಾ. ತೋಳಿಗೆ ಎರಡ ಗೀರು, ಕೊರಳಿಗೆ ಒಂದ ಗೀರು. ಮುಗೀತು."

"ಅಕಿ ಕುಬಸ ಹಾಕೂದಿಲ್ಲರಿ ಸರ್."

"ಚಿತ್ರದಾಗ ಹಾಕ್ಲಿ."

"ಬಾಗಲದಾಗ ಮೂರ್ತಿ ನಿಂತೈತಲ್ಲರಿ, ಅದಕ್ಕ ಯಾವಾಗ ಹೊಲಿಸ್ತೀರಿ?"

ವಿಭಾಗದ ಬಾಗಿಲಲ್ಲಿ ಪ್ಲಾಸ್ಟರಿನ ಬಿಳಿ ಹೆಣ್ಣುಮೂರ್ತಿಯೊಂದಿತ್ತು. ಯಾವುದೋ ವಿದೇಶಿ ಮೂರ್ತಿಯ ನಕಲು. ಕೈ ಇಲ್ಲ, ಮೈಮೇಲೆ ಒಂದು ಎಳೆ ಬಟ್ಟೆಯೂ ಇಲ್ಲ. ಉದ್ಘಾಟನೆಯ ದಿನ ಅದರ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ಫೋಟೋ ತೆಗೆಸಿಕೊಂಡವರು ಯಾರು ಅಂತೀರಿ? ಅದೇ "ಅಗಬಾಯಿ."

ಸರ್ ಕನ್ನಡಕ ತೆಗೆದು ಒರೆಸಿದರು. "ಅದು ಕ್ಲಾಸಿಕಲ್," ಎಂದರು. "ಇದು ನಿನ್ನ ಅಜ್ಜಿ."

ಸುಖದಾಳ ಮೈ ಉರಿದುಹೋಯಿತು. ಇದೇ ಮನುಷ್ಯ ಮೂರು ವರ್ಷ ಕತ್ತಲೆಕೋಣೆಯಲ್ಲಿ ಬೆತ್ತಲೆ ಮೂರ್ತಿಗಳ ಸ್ಲೈಡು ತೋರಿಸಿ, ದೇಹ ಅಂದರೆ ಬರೀ ರೇಖೆ, ನಾಚಿಕೆ ಇರುವುದು ನೋಡುವವರ ಕಣ್ಣಲ್ಲಿ ಎಂದು ಪಾಠ ಹೇಳಿದ್ದರು. ಅವಳು ಅದನ್ನು ಅಕ್ಷರಕ್ಕಕ್ಷರ ನೋಟ್ಸಿನಲ್ಲಿ ಬರೆದುಕೊಂಡು, ಪರೀಕ್ಷೆಯಲ್ಲೂ ಬರೆದು, ಹತ್ತಕ್ಕೆ ಒಂಬತ್ತು ತಗೊಂಡಿದ್ದಳು. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ. ಪ್ಲಾಸ್ಟರಿನ ಪರದೇಶಿ ಹೆಂಗಸು ಮೈ ಬಿಟ್ಟುಕೊಂಡು ನಿಂತರೆ ಕಲೆ, ಮ್ಹೈಸಾಳದ ಮುದುಕಿ ಬರೀ ಬೆನ್ನು ತೋರಿಸಿದರೆ ಅಸಹ್ಯ. ಇದಕ್ಕೆ ಲಿಬರಲ್ ಅಂತ ಬೇರೆ ಹೆಸರು.

ಸರ್ ಸುರುಳಿ ಸುತ್ತಿದ ಹಾಳೆಗಳನ್ನು ಅವಳ ಕೈಗಿತ್ತರು. ಬಸ್ಸಿನಲ್ಲಿ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಒಳಗೊಳಗೇ ಒಂದು ಸಣ್ಣ ಖುಷಿಯೂ ಇತ್ತು. ಅಜ್ಜಿಗೆ ಹೇಳುತ್ತೇನೆ. ಅಜ್ಜಿ ಸುಮ್ಮನಿರುವವಳಲ್ಲ. ಕಂದಾಯ ವಸೂಲಿಗೆ ಬಂದ ತಲಾಟಿಯನ್ನೇ ನಡುಬೀದಿಯಲ್ಲಿ ನಿಲ್ಲಿಸಿ ನೀರಿಳಿಸಿದವಳು. ಸೋಮವಾರ ಕಾಲೇಜಿಗೆ ಬಂದು ಇವರೆಲ್ಲರ ಹುಟ್ಟಡಗಿಸುತ್ತಾಳೆ ಎಂದುಕೊಂಡಳು.

ಆದರೆ ಮನೆಗೆ ಅವಳಿಗಿಂತ ಮೊದಲೇ ಫೋನು ಬಂದಿತ್ತು. ಚಿತ್ರದಲ್ಲಿರುವವರ ಒಪ್ಪಿಗೆ ಪತ್ರ ಬೇಕು ಎಂದು ಕಚೇರಿಯ ಕಾರಕೂನ ಕೇಳಿದ್ದ. ಕೇಳಿದವನು ನೆಟ್ಟಗೆ ಕೇಳಿದ್ದನೇ? ನಿಮ್ಮ ಮುದುಕಿಯ ಬರಿಮೈ ಕಾಲೇಜಿನ ಗೋಡೆಗೆ ನೇತುಹಾಕಿದ್ದಾಳೆ ನಿಮ್ಮ ಮಗಳು, ದೊಡ್ಡ ಮಂದಿ ನೋಡಿ ಬೇಜಾರಾಗಿದ್ದಾರೆ ಎಂದಿದ್ದ. ಅವ್ವ ನರ್ಮದಾ ಅದನ್ನು ಹಾಗೆಹಾಗೇ ಅತ್ತೆಯ ಕಿವಿಗೆ ಮುಟ್ಟಿಸಿದ್ದಳು.

ಸುಖದಾ ಹೊಸ್ತಿಲು ದಾಟುತ್ತಿದ್ದಂತೆ ನರ್ಮದಾ ಶುರುಮಾಡಿದಳು. "ಮನಿ ಮಾನ ಹರಾಜ ಹಾಕಿ ಬಂದಿಯೇನ? ಅಟ್ಟು ದೊಡ್ಡ ಸಾಲ್ಯಾಗ ತಗಿಲಿಕ್ಕೆ ನಿನಗ ಗಿಡಾ ಮರಾ ಸಿಗಲಿಲ್ಲಾ?"

"ಬೈಬ್ಯಾಡ ಆ ಹುಡುಗೀಗೆ," ಎಂದಳು ಕೆಂಪವ್ವ, ಗೋಡೆಗೆ ಆತುಕೊಂಡು ಕೂತಲ್ಲಿಂದ. ದನಿ ಸಣ್ಣಗಿತ್ತು. "ಎಟ್ಟ ಮಂದಿ ನೋಡಿದ್ರ, ಸುಖಿ?"

"ನೋಡ್ಲಿ ಬಿಡಜ್ಜಿ. ಅದರಾಗೇನೈತಿ?"

"ಇಲ್ಲವಾ. ತಪ್ಪ ನಂದ ಐತಿ. ಇಟ್ಟ ವರ್ಷ ಹಂಗ ತಿರುಗೇನಿ. ಮಂದಿ ಹಿಂದ ಏನ ಅಂತಿದ್ರೋ ಏನೋ."

ಸುಖದಾ ತನಗೆ ತಿಳಿದದ್ದನ್ನೆಲ್ಲ ಹೇಳಿ ನೋಡಿದಳು. ರೇಖೆ ಅಂದಳು, ನೆರಳು ಅಂದಳು, ನಿನ್ನ ಬೆನ್ನಿನಷ್ಟು ಚೆಂದದ್ದು ಆ ಇಡೀ ಕಟ್ಟಡದಲ್ಲಿ ಇಲ್ಲ ಅಂದಳು. ಕೆಂಪವ್ವ ಎಲ್ಲಕ್ಕೂ ಹೂಂಗುಟ್ಟಿದಳು. ಶನಿವಾರವೆಲ್ಲ ಅಂಗಳಕ್ಕೂ ಇಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಅವಳೇ ಸುಖದಾಳನ್ನು ಹಿತ್ತಲಿಗೆ ಕರೆದಳು. ನೋಡಿದರೆ ನರ್ಮದಾಳ ಹಸಿರು ಪಾಲಿಸ್ಟರ್ ಕುಪ್ಪಸ ತೊಟ್ಟು ಎಂದಿನ ಮಣೆಯ ಮೇಲೆ ಬೆನ್ನು ಮಾಡಿ ಕೂತಿದ್ದಾಳೆ. ಎದುರಿಗೆ ಹೋದರೆ ಹುಕ್ಕುಗಳು ಒಂದು ಮೇಲೆ ಒಂದು ಕೆಳಗೆ. ತೋಳು ಮೊಣಕೈ ದಾಟಿದೆ. ಅದರ ಮೇಲೆ ಸೆರಗು ಹೊದ್ದು, ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಹಗ್ಗದ ಕಲೆ ಕಾಣದು, ಹೆಗಲು ಕಾಣದು. ಮುದುಕಿ ಅರ್ಧಕ್ಕರ್ಧ ಕುಗ್ಗಿಹೋಗಿದ್ದಳು.

"ಚಿತ್ರಾ ತಗಿ ಈಗ," ಎಂದಳು. "ಇನ್ನ ಯಾರೂ ಏನೂ ಅನ್ನಾಂಗಿಲ್ಲ. ನೀ ಪಾಸಾಗ್ತಿ."

ಸುಖದಾ ಇದ್ದಿಲು ಹಿಡಿದಳು. ಮತ್ತೆ ಕೆಳಗಿಟ್ಟಳು. ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. "ಬಿಚ್ಚಜ್ಜಿ. ಶಕಿ ಆಗ್ತೈತಿ ನಿನಗ."

"ಬ್ಯಾಡವಾ. ಮಂದಿ ಇರ್ತಾರ."

ಹಿತ್ತಲಲ್ಲಿ ಇದ್ದದ್ದು ಒಂದು ಎಮ್ಮೆ.

ಸೋಮವಾರ ಸುಖದಾ ಎಲ್ಲರಿಗಿಂತ ಮೊದಲು ಕಾಲೇಜಿಗೆ ಹೋಗಿ ಆರೂ ಹಾಳೆಗಳನ್ನು ಇದ್ದದ್ದು ಇದ್ದ ಹಾಗೆ ತನ್ನ ಗೋಡೆಗೆ ಹಚ್ಚಿದಳು. ಒಂದು ಗೀರೂ ಕೂಡಿಸಿರಲಿಲ್ಲ. ಹತ್ತು ಗಂಟೆಗೆ ಶಂತನು ಸರ್ ಬಂದು ನೋಡಿದರು.

"ಕುಬಸ ಎಲ್ಲೈತಿ ಸುಖದಾ?"

"ಹಾಕೇತ್ರಿ ಸರ್. ನಾ ಹಾಕಿಲ್ಲ, ನೀವ ಹಾಕೀರಿ. ಎಂಬತ್ತೊಂದ ವರ್ಷ ಹಾಕದಾಕಿ ನಮ್ಮಜ್ಜಿ ನಿನ್ನೆ ಹಾಕ್ಕೊಂಡಾಳ. ಈಗ ಮನ್ಯಾಗ ಒಬ್ಬಾಕೇ ಇದ್ರೂ ಬಿಚ್ಚವಲ್ಲಳು. ನಿಮ್ಮ ಟ್ರಸ್ಟಿ ಬಾಯಿಸಾಹೇಬ್ರಿಗೆ ಹೇಳ್ರಿ, ಕೆಲಸಾ ಆತು ಅಂತ."

ಸರ್ ಹತ್ತಿರ ಹೋಗಿ ಹಗ್ಗದ ಕಲೆಯನ್ನು ಬಗ್ಗಿ ನೋಡಿದರು. ಅವರಿಗೂ ಒಬ್ಬಳು ಅಜ್ಜಿ ಇದ್ದಿರಲೇಬೇಕಲ್ಲ. ಆಮೇಲೆ ಒಂದೊಂದೇ ಪಿನ್ನು ಕಿತ್ತರು. ಇದ್ದಿಲು ಅಳಿಸದ ಹಾಗೆ ನಡುವೆ ತೆಳು ಕಾಗದ ಇಟ್ಟು ಸುತ್ತಿದರು. ಏನು ಹೇಳೋಣ, ಆ ಕೆಲಸ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪರೀಕ್ಷಕರು ಬಂದಾಗ ಸುಖದಾ ಖಾಲಿ ಗೋಡೆಯ ಪಕ್ಕ ನಿಂತಿದ್ದಳು. ಅವರು ಪಟ್ಟಿಯಲ್ಲಿ ಅವಳ ಹೆಸರಿನೆದುರು "ಗೈರುಹಾಜರು" ಎಂದು ಬರೆದುಕೊಂಡು ಮುಂದಿನ ಗೋಡೆಗೆ ಹೋದರು.

ಮನೆಗೆ ಬಂದಾಗ ಕೆಂಪವ್ವ ಬಾಗಿಲಲ್ಲೇ ಕೂತಿದ್ದಳು. ಕುಪ್ಪಸದ ಕಂಕುಳು ಬೆವರಿನಿಂದ ಕಪ್ಪಗಾಗಿತ್ತು.

"ಪಾಸಾದೇನ ಸುಖಿ?"

"ಇಲ್ಲಜ್ಜಿ. ನಾಪಾಸ ಮಾಡಿದ್ರು."

ಕೆಂಪವ್ವನಿಗೆ ಅರ್ಥವಾಗಲಿಲ್ಲ. ಕುಪ್ಪಸದ ತೋಳು ಹಿಡಿದು ತೋರಿಸಿದಳು.

"ಯಾಕ? ನಾ ಕುಬಸ ಹಾಕ್ಕೊಂಡೇನಂತ ಹೇಳಲಿಲ್ಲೇನ ಅವರಿಗೆ?"

"ಹೇಳಿದ್ನಜ್ಜಿ," ಎಂದಳು ಸುಖದಾ.